ಮಾರನ ಸಿನಿಮಾದಲ್ಲಿ ಕಾಣದ ಹೇಮಾವತಿ

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೋದದ್ದು ಬೇಸಿಗೆಯಲ್ಲಿ. ಹೇಮಾವತಿಯ ಹಿನ್ನೀರು ದೂರ ಸರಿದಿದ್ದರಿಂದ ಅಲ್ಲಿನ ಪಾಳು ಚರ್ಚಿನ ಒಳಗೇ ನಡೆದಾಡಲು ಸಾಧ್ಯವಾಯಿತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಗಾಥಿಕ್ ಕಟ್ಟಡವಿದು. ಚಾವಣಿ ಎಂದೋ ಹೋಗಿದೆ, ಕಮಾನುಗಳು ಮಾತ್ರ ನೆಟ್ಟಗೆ ನಿಂತಿವೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು, ಅದಕ್ಕೇ ಇಷ್ಟು ಗಟ್ಟಿ ಎನ್ನುತ್ತಾರೆ ಸುತ್ತಲಿನವರು. ನಂಬುವುದೋ ಬಿಡುವುದೋ, ಪ್ರತಿ ಮಳೆಗಾಲ ನೀರಲ್ಲಿ ನೆನೆದು ಪ್ರತಿ ಬೇಸಿಗೆ ಒಣಗಿದರೂ ಈ ಗೋಡೆಗಳು ಇಷ್ಟು ಕಾಲ ಬಾಳಿವೆ. ನೀರು ಎಲ್ಲಿಯವರೆಗೆ ಏರುತ್ತದೆಂಬ ಗೆರೆ ಕಂಬಗಳ ಮೇಲೆ ಸ್ಪಷ್ಟವಾಗಿತ್ತು. ಅದು ನನ್ನ ತಲೆಗಿಂತ ಬಹಳ ಮೇಲಿತ್ತು. ಮೀನು ಹಿಡಿಯುತ್ತಿದ್ದ ಹಿರಿಯರೊಬ್ಬರು ಕೈ ಚಾಚಿ, ಯಾವ ದಿಕ್ಕಿಗೆ ಗದ್ದೆಗಳಿದ್ದವು, ಯಾವ ದಿಕ್ಕಿಗೆ ಊರಿತ್ತು ಎಂದು ತೋರಿಸಿದರು. ತೋರಿಸಿದಲ್ಲೆಲ್ಲ ಬಿರುಕುಬಿಟ್ಟ ಕೆಸರು, ಅದರಾಚೆ ನೀರು.

ಆಗ ನೆನಪಾದದ್ದು ‘ಸೂರರೈ ಪೋಟ್ರು’ ಚಿತ್ರ. ಹೇಮಾವತಿಗೆ ಅಡ್ಡಲಾಗಿ ಕಟ್ಟಿದ ಗೊರೂರಿನ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಶೆಟ್ಟಿಹಳ್ಳಿಯನ್ನು ನುಂಗಿದ ಇದೇ ನೀರಿನಲ್ಲಿ, ಮುಂದೆ ಏರ್ ಡೆಕ್ಕನ್ ವಿಮಾನ ಕಂಪನಿ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ಅವರ ಮನೆತನದ ಜಮೀನೂ ಮುಳುಗಿತ್ತು. ಅವರ ಬದುಕನ್ನು ಆಧರಿಸಿದ ಆ ಚಿತ್ರದಲ್ಲಿ ಮಾತ್ರ ಹೇಮಾವತಿಯ ಒಂದು ಹನಿಯೂ ಇಲ್ಲ.

ಅಗ್ಗದ ವಿಮಾನ ಕಂಪನಿ ಕಟ್ಟುವ ಕನಸಿನ ಕಥೆ ಅದು. ಸುಧಾ ಕೊಂಗರ ನಿರ್ದೇಶನದ ಈ ತಮಿಳು ಚಿತ್ರ ಕೊರೊನಾ ಕಾಲದಲ್ಲಿ, 2020ರ ನವೆಂಬರಿನಲ್ಲಿ, ನೇರ ಒಟಿಟಿಗೆ ಬಂತು. ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯನ್ನೂ, ಸೂರ್ಯ ಮತ್ತು ಅಪರ್ಣಾ ಬಾಲಮುರಳಿಗೆ ನಟನೆಯ ಪ್ರಶಸ್ತಿಗಳನ್ನೂ ತಂದುಕೊಂಡಿತು. ಮೇಲುಕೋಟೆಯಲ್ಲಿ ಹುಟ್ಟಿ ಗೊರೂರಿನಲ್ಲಿ ಬೆಳೆದ ಮೇಷ್ಟರ ಮಗ ತೆರೆಯ ಮೇಲೆ ಮದುರೆ ಸೀಮೆಯ ಮಾರ ಆದ. ತಂದೆಯ ಕೊನೆಗಾಲಕ್ಕೆ ಊರು ತಲುಪಲು ಟಿಕೆಟ್ಟಿನ ಹಣ ಸಾಲದೆ, ವಿಮಾನನಿಲ್ದಾಣದಲ್ಲಿ ಕಂಡಕಂಡವರ ಮುಂದೆ ಅವನು ಕೈಯೊಡ್ಡುವ ದೃಶ್ಯ ಎಂಥವರನ್ನೂ ಅಲುಗಿಸುತ್ತದೆ. ಅದನ್ನು ನೋಡುವಾಗ ನನ್ನ ಗಂಟಲೂ ಕಟ್ಟಿತ್ತು. ಬಹಳಷ್ಟು ಕಲ್ಪನೆಯಾದರೂ ತಮ್ಮ ಆತ್ಮಕಥೆಯ ತಿರುಳನ್ನು ಚಿತ್ರ ಹಿಡಿದಿದೆ ಎಂದು ಗೋಪಿನಾಥ್ ಅವರೇ ಮೆಚ್ಚಿಕೊಂಡರು.

ಆದರೂ ನನಗೆ ಒಪ್ಪಿಗೆಯಾಗದ ಸಂಗತಿಯೊಂದಿದೆ. ಮಾರ ಸೇನೆ ಬಿಟ್ಟವನೇ ವಿಮಾನದ ಕನಸಿಗೆ ಹಾರುತ್ತಾನೆ. ಗೋಪಿನಾಥ್ 1971ರ ಯುದ್ಧ ಕಂಡು, ಎಂಟು ವರ್ಷದ ಸೇನೆಯ ಬದುಕು ಬಿಟ್ಟು ಬಂದದ್ದು ಮಣ್ಣಿಗೆ. ಮುಳುಗಿದ ಜಮೀನಿಗೆ ಪರಿಹಾರವಾಗಿ ಸರ್ಕಾರ ಕೊಟ್ಟದ್ದು ಜಾವಗಲ್ ಸೀಮೆಯ ಒಣ ನೆಲ. ಅಲ್ಲಿ ಡೇರೆ ಹಾಕಿಕೊಂಡು ಇದ್ದರು. ತೆಂಗು ನೆಟ್ಟರು, ರೇಷ್ಮೆ ಬೆಳೆದರು, ಸಾಲ ಮಾಡಿ ಸೋತರು. ರಾಸಾಯನಿಕ ಗೊಬ್ಬರ ಕೈಕೊಟ್ಟ ಮೇಲೆ ಜಪಾನಿನ ಸಹಜ ಕೃಷಿಕ ಫುಕುವೊಕಾ ಅವರನ್ನು ಓದಿ ಬೇಸಾಯದ ದಾರಿಯನ್ನೇ ಬದಲಿಸಿದರು. ಪರಿಸರಸ್ನೇಹಿ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ನಡುವೆ 1994ರಲ್ಲಿ ಗಂಡಸಿ ಕ್ಷೇತ್ರದಿಂದ ವಿಧಾನಸಭೆಗೆ ನಿಂತು ಸೋತದ್ದೂ ಉಂಟು. ಅವರ ಹೆಲಿಕಾಪ್ಟರ್ ಕಂಪನಿ ಶುರುವಾದದ್ದು 1997ರಲ್ಲಿ. ಏರ್ ಡೆಕ್ಕನ್ನಿನ ಪುಟ್ಟ ಎಟಿಆರ್ ವಿಮಾನಗಳು ಏರಿದ್ದು 2003ರ ಆಗಸ್ಟಿನಲ್ಲಿ. ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನೇ ಅದರ ಗುರುತಾದ, ಒಂದು ರೂಪಾಯಿಗೂ ಟಿಕೆಟ್ ಸಿಕ್ಕಿತು. 2007ರಲ್ಲಿ ಅದು ಕಿಂಗ್‌ಫಿಷರ್‌ನ ವಿಜಯ ಮಲ್ಯರ ಕೈ ಸೇರಿತು.

ಡೇರೆಯಿಂದ ವಿಮಾನದವರೆಗಿನ ಈ ಎರಡು ದಶಕಗಳಲ್ಲಿ ಬೇಸಾಯದ ಕಾಲವೇ ದೊಡ್ಡದು, ಸಿನಿಮಾ ಕೈಬಿಟ್ಟದ್ದೂ ಅದನ್ನೇ. ಕಾರಣ ಊಹಿಸಬಲ್ಲೆ. ವಿಮಾನದ ಕಥೆಗೆ ಪರೇಶ್ ರಾವಲ್ ನಟಿಸಿದಂಥ ಖಳ ಸಿಗುತ್ತಾನೆ. ಒಣ ನೆಲ, ಬಾರದ ಮಳೆ, ತೀರದ ಸಾಲ ಇವುಗಳಿಗೆ ಮುಖವಿಲ್ಲ. ಖಳನನ್ನು ಗೆದ್ದರೆ ಬಡತನವನ್ನೂ ಗೆದ್ದಂತೆ ಎಂದು ಚಿತ್ರ ನಂಬಿಸುತ್ತದೆ. ಆದರೆ ಹಾಸನದ ಮುಳುಗಡೆಯ ರೈತರನ್ನು ಬರಿಗೈ ಮಾಡಿದ್ದು ಯಾವ ಖಳನೂ ಅಲ್ಲ, ಒಂದು ಯೋಜನೆ. ಅದರ ನೀರಿನಿಂದ ಬೇರೆ ರೈತರ ಹೊಲ ಹಸಿರಾದದ್ದೂ ನಿಜ. ಈ ತೊಡಕನ್ನು ಬಿಟ್ಟರೆ ಗೋಪಿನಾಥರ ಛಲ ಒಬ್ಬ ವ್ಯಕ್ತಿಯ ಹಟವಾಗಿ ಮಾತ್ರ ಕಾಣುತ್ತದೆ.

ಮಣ್ಣಿನ ಕಥೆ ತೆರೆಯ ಮೇಲೆ ಓಡುವುದಿಲ್ಲ ಎಂಬ ಮಾತನ್ನು ಕನ್ನಡದವರು ಒಪ್ಪಬೇಕಿಲ್ಲ. 1972ರಲ್ಲಿ ‘ಬಂಗಾರದ ಮನುಷ್ಯ’ದ ರಾಜೀವ ಬಂಜರು ನೆಲ ಹಸನು ಮಾಡುವುದನ್ನು ನಮ್ಮ ಜನ ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ನೋಡಿದ್ದರು. ಜಾವಗಲ್ಲಿನ ಡೇರೆಯ ವರ್ಷಗಳನ್ನೂ ಹಾಗೆ ನೋಡಿಯಾರು. ಅದನ್ನು ಹಾಸನದ ನೆಲದಲ್ಲಿ, ಹಾಸನದ ಕನ್ನಡದಲ್ಲಿ ಯಾರಾದರೂ ಮಾಡಬೇಕು. ಅದರಲ್ಲಿ ನಾಯಕನ ಜೊತೆಗೆ, ಪರಿಹಾರದ ಜಮೀನಿನಲ್ಲಿ ಗೆಲ್ಲಲಾಗದೆ ಹೋದ ನೆರೆಹೊರೆಯವರಿಗೂ ಜಾಗವಿರಬೇಕು.