ಮಕ್ಕಳಿಗೆ, ಗರ್ಭಸ್ಥ ಶಿಶುವಿಗೆ ಕಡಿಮೆ ಕಾಂತಬಲದ ಎಂಆರ್‌ಐ: ಪೋಷಕರು ತಿಳಿದಿರಬೇಕಾದದ್ದು

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಮಗುವಿಗೆ ಎಂಆರ್‌ಐ ಬೇಕೆಂದು ವೈದ್ಯರು ಬರೆದುಕೊಟ್ಟರೆ, ಕುಟುಂಬದವರು ಸಾಮಾನ್ಯವಾಗಿ ಧಾರವಾಡ ಅಥವಾ ಹುಬ್ಬಳ್ಳಿಗೆ ಹೋಗುತ್ತಾರೆ. ಸತ್ತೂರಿನ ಎಸ್‌ಡಿಎಂ, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗಳು ಈ ಭಾಗದವರಿಗೆ ಪರಿಚಿತ. ಜೋಯಿಡಾದ ಕಾಡಂಚಿನ ಹಳ್ಳಿಗಳಿಂದ ಈ ಪ್ರಯಾಣಕ್ಕೇ ಒಂದು ದಿನ ಬೇಕು. ಇಂತಹ ಊರುಗಳಿಗೆ ಮುಂದೆ ನೆರವಾಗಬಲ್ಲ ತಂತ್ರಜ್ಞಾನವೇ ಕಡಿಮೆ ಕಾಂತಬಲದ ಎಂಆರ್‌ಐ.

ವ್ಯತ್ಯಾಸವೇನು?

ಎಂಆರ್‌ಐನಲ್ಲಿ ಎಕ್ಸ್‌ರೇ ವಿಕಿರಣ ಇರುವುದಿಲ್ಲ. ಕಾಂತಕ್ಷೇತ್ರ ಮತ್ತು ರೇಡಿಯೋ ತರಂಗಗಳಿಂದ ಚಿತ್ರ ಮೂಡುತ್ತದೆ. ಆಸ್ಪತ್ರೆಗಳ ಸಾಮಾನ್ಯ ಯಂತ್ರಗಳ ಬಲ 1.5 ಅಥವಾ 3 ಟೆಸ್ಲಾ. ಹೊಸ ಬಗೆಯ ಒಂದು ಯಂತ್ರದ ಬಲ 0.55 ಟೆಸ್ಲಾ, ಇದಕ್ಕೆ ಬೇಕಾಗುವ ದ್ರವ ಹೀಲಿಯಂ ಒಂದು ಲೀಟರಿಗಿಂತ ಕಡಿಮೆ. ಇನ್ನೊಂದರ ಬಲ ಕೇವಲ 0.064 ಟೆಸ್ಲಾ. ಚಕ್ರಗಳ ಮೇಲಿರುವ ಈ ಯಂತ್ರವನ್ನು ಹಾಸಿಗೆಯ ಬಳಿಗೇ ತಂದು ಸಾಮಾನ್ಯ ವಿದ್ಯುತ್ ಪ್ಲಗ್ಗಿಗೆ ಜೋಡಿಸಬಹುದು. ಇದು ಮೆದುಳಿನ ಚಿತ್ರಕ್ಕೆ ಮಾತ್ರ. ತಲೆಯಲ್ಲಿ ನೀರು ತುಂಬುವ ಮಕ್ಕಳ ತೊಂದರೆಯನ್ನು ಗುರುತಿಸಲೆಂದು 2022ರಲ್ಲಿ ಉಗಾಂಡಾದ ಎಂಬರಾರಾದಲ್ಲಿ ಸ್ಥಳೀಯ ಮತ್ತು ವಿದೇಶಿ ತಜ್ಞರು ಸೇರಿ ಇಂತಹುದೇ ಸರಳ ಯಂತ್ರವನ್ನು ಬಿಡಿಭಾಗಗಳಿಂದ ಜೋಡಿಸಿದ್ದರು.

ಮಕ್ಕಳಿಗೆ, ಗರ್ಭಿಣಿಗೆ ಅನುಕೂಲ

ದೊಡ್ಡ ಯಂತ್ರದ ಸದ್ದಿಗೆ ಚಿಕ್ಕ ಮಕ್ಕಳು ಹೆದರಿ ಅಲುಗಾಡುತ್ತಾರೆ. ಹಾಗಾಗಿ ನಿದ್ರೆಯ ಔಷಧಿ ಕೊಡಬೇಕಾಗುತ್ತದೆ. ಕಡಿಮೆ ಬಲದ ಯಂತ್ರದಲ್ಲಿ ಸದ್ದು ಕಡಿಮೆ. ಚಕ್ರದ ಯಂತ್ರವಾದರೆ ತಾಯಿ ಪಕ್ಕದಲ್ಲೇ ಕುಳಿತಿರಬಹುದು. ಗರ್ಭಿಣಿಗೆ ಅಗಲವಾದ ಸುರಂಗ ಹಿತ. ದೇಹಕ್ಕೆ ತಗಲುವ ಶಾಖವೂ ಕಡಿಮೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ತಜ್ಞರು 0.55 ಟೆಸ್ಲಾ ಯಂತ್ರದಲ್ಲಿ ಗರ್ಭಸ್ಥ ಶಿಶುಗಳ ಚಿತ್ರಣ ನಡೆಸಿದ್ದಾರೆ.

ಮಿತಿಗಳೂ ಇವೆ. ಬಲ ಕಡಿಮೆಯಾದಂತೆ ಚಿತ್ರದ ಸ್ಪಷ್ಟತೆ ತಗ್ಗುತ್ತದೆ. ಸಣ್ಣ ದೋಷಗಳು ಕಾಣದೇ ಹೋಗಬಹುದು.

ನೆನಪಿಡಬೇಕಾದ ಅಂಶಗಳು

• ಹೊಸ ಯಂತ್ರ ಬರಲೆಂದು ಕಾಯುತ್ತ ವೈದ್ಯರು ಹೇಳಿದ ಪರೀಕ್ಷೆಯನ್ನು ಮುಂದೂಡಬಾರದು. ಅಗತ್ಯವಿದ್ದಾಗ 1.5 ಟೆಸ್ಲಾ ಯಂತ್ರದಲ್ಲಿ ಮಕ್ಕಳಿಗೂ ಗರ್ಭಿಣಿಯರಿಗೂ ಪರೀಕ್ಷೆ ನಡೆಯುತ್ತಲೇ ಇದೆ.

• ಗರ್ಭಿಣಿಗೆ ಮೊದಲ ಪರೀಕ್ಷೆ ಅಲ್ಟ್ರಾಸೌಂಡ್. ಅದರಲ್ಲಿ ಸಂದೇಹ ಉಳಿದರೆ ಮಾತ್ರ, ಸಾಮಾನ್ಯವಾಗಿ 18–20 ವಾರಗಳ ನಂತರ, ಎಂಆರ್‌ಐ. ಗರ್ಭಿಣಿಗೆ ಗ್ಯಾಡೊಲಿನಿಯಂ ಚುಚ್ಚುಮದ್ದನ್ನು ಸಾಮಾನ್ಯವಾಗಿ ಕೊಡುವುದಿಲ್ಲ.

• ಮಗುವಿನ ಕಾಲ್ಗೆಜ್ಜೆ, ಬೆಳ್ಳಿ ಉಡಿದಾರ, ತಾಯಿತ, ಪಿನ್ನುಗಳನ್ನು ಮನೆಯಲ್ಲೇ ತೆಗೆದಿಡಬೇಕು. ದೇಹದೊಳಗೆ ಲೋಹ ಅಥವಾ ಶ್ರವಣಯಂತ್ರ ಅಳವಡಿಸಿದ್ದರೆ ಮೊದಲೇ ತಿಳಿಸಬೇಕು.

• ನಿದ್ರೆಯ ಔಷಧಿ ಕೊಡುವುದಿದ್ದರೆ ಮಗುವಿಗೆ ಎಷ್ಟು ಹೊತ್ತು ಹಾಲು, ಆಹಾರ ಕೊಡಬಾರದೆಂದು ಮುಂಚಿತವಾಗಿ ಕೇಳಿಕೊಳ್ಳಬೇಕು. ಹೇಳದೆ ಹಾಲು ಕುಡಿಸಿದರೆ ಅಪಾಯ. ದೂರದಿಂದ ಬಂದವರು ಪರೀಕ್ಷೆಯಾಗದೆ ಹಿಂದಿರುಗಬೇಕಾದೀತು.

• ಯಾವುದೇ ಸ್ಕ್ಯಾನಿಂಗ್‌ನಲ್ಲಿ ಶಿಶುವಿನ ಲಿಂಗ ಕೇಳುವುದೂ ಹೇಳುವುದೂ 1994ರ ಕಾಯ್ದೆಯಂತೆ ಅಪರಾಧ. 2003ರ ತಿದ್ದುಪಡಿಯು ಅಲ್ಟ್ರಾಸೌಂಡ್ ಜೊತೆಗೆ ಇತರ ಚಿತ್ರಣ ಯಂತ್ರಗಳನ್ನೂ ಒಳಗೊಂಡಿದೆ.

ಹಳೆಯ ವರದಿಗಳು, ತಾಯಿ ಕಾರ್ಡ್ ಮತ್ತು ವೈದ್ಯರ ಚೀಟಿಯನ್ನು ಒಂದೇ ಚೀಲದಲ್ಲಿ ಇಟ್ಟುಕೊಂಡು ಹೊರಟರೆ ಒಂದೇ ಪ್ರಯಾಣದಲ್ಲಿ ಕೆಲಸ ಮುಗಿಯುತ್ತದೆ.