ಮಗ ಲಾರಿ ಸ್ಟಿಯರಿಂಗ್ ಹಿಡಿಯುವ ಮುನ್ನ

ಕಬ್ಬು ಅರೆಯುವ ಕಾಲದಲ್ಲಿ ಪಾಂಡವಪುರ ತಾಲೂಕಿನ ಕ್ಯಾತನಹಳ್ಳಿಯ ರಸ್ತೆ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಮೈತುಂಬ ಕಬ್ಬು ಹೊತ್ತ ಲಾರಿ, ಟ್ರ್ಯಾಕ್ಟರ್‌ಗಳು ಕಾರ್ಖಾನೆಯತ್ತ ತೆವಳುತ್ತಿರುತ್ತವೆ. ಅವುಗಳನ್ನು ಕಣ್ಣರಳಿಸಿ ನೋಡುವ ಹುಡುಗರಲ್ಲಿ ನಿಮ್ಮ ಮಗನೂ ಇರಬಹುದು. "ಓದು ನನಗೆ ಹತ್ತುವುದಿಲ್ಲ, ಲಾರಿಗೆ ಹೋಗ್ತೀನಿ" ಎಂದು ಅವನು ಒಂದು ದಿನ ಹೇಳಿದರೆ ಗದರಬೇಡಿ. ಇದೂ ಮರ್ಯಾದೆಯ ದುಡಿಮೆಯೇ. ಆದರೆ ಇಲ್ಲಿ ಅವಸರಕ್ಕೆ ಜಾಗವಿಲ್ಲ. ಇದು ಅವನಿಗೂ ನಿಮಗೂ ಮೊದಲೇ ತಿಳಿದಿರಲಿ.

ಮೊದಲ ತಪ್ಪು ಮನೆಯಲ್ಲೇ

ಹದಿನೈದು ತುಂಬಿದ ಹುಡುಗ ಟ್ರ್ಯಾಕ್ಟರ್ ಓಡಿಸಿದರೆ ನಮಗೆ ಹೆಮ್ಮೆ. ಆದರೆ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಏನು ಹೇಳುತ್ತದೆ ಗೊತ್ತೇ? ಅಪ್ರಾಪ್ತನು ರಸ್ತೆಯಲ್ಲಿ ವಾಹನ ಓಡಿಸಿ ತಪ್ಪಿತಸ್ಥನಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷಗಳವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಒಂದು ದಿನದ ಹುಮ್ಮಸ್ಸಿಗೆ ಅವನ ಅನ್ನದ ದಾರಿಯೇ ಏಳೆಂಟು ವರ್ಷ ಮುಚ್ಚಿಹೋದಂತೆ!

ಮೆಟ್ಟಿಲು ಮೆಟ್ಟಿಲಾಗಿ

18 ತುಂಬಿದ ಮೇಲೆ ಲಘು ವಾಹನದ ಲೈಸೆನ್ಸ್ ಮಾಡಿಸಿ. ಅದು ಕೈಸೇರಿ ಕನಿಷ್ಠ ಒಂದು ವರ್ಷವಾಗಿರಬೇಕು, ವಯಸ್ಸು 20 ಆಗಿರಬೇಕು. ಆಮೇಲೆಯೇ ಭಾರಿ ಸರಕು ವಾಹನದ ಮಾತು. ಡ್ರೈವಿಂಗ್ ಶಾಲೆಯ ಪ್ರಮಾಣಪತ್ರ, ವೈದ್ಯರ ಪ್ರಮಾಣಪತ್ರ ಬೇಕು. ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮ 2019ರಲ್ಲಿ ರದ್ದಾಯಿತು. 7,500 ಕಿಲೋ ಒಳಗಿನ ಸರಕು ವಾಹನಕ್ಕೆ ಲಘು ವಾಹನದ ಲೈಸೆನ್ಸೇ ಸಾಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಆದ್ದರಿಂದ ಮೊದಲು ಸಣ್ಣ ಗೂಡ್ಸ್ ಗಾಡಿಯಲ್ಲಿ ಕೈ ಪಳಗಲಿ.

ಕ್ಲೀನರ್ ಸೀಟೇ ಶಾಲೆ

ಲೈಸೆನ್ಸ್ ಸಿಕ್ಕ ಮಾತ್ರಕ್ಕೆ ಡ್ರೈವರ್ ಆಗುವುದಿಲ್ಲ. ಒಳ್ಳೆಯ ಹಿರಿಯ ಡ್ರೈವರ್ ಜೊತೆ ಕ್ಲೀನರ್ ಆಗಿ ಒಂದೆರಡು ವರ್ಷ ಓಡಾಡಲಿ. ಹಗ್ಗ ಬಿಗಿಯುವುದು, ಟಾರ್ಪಾಲಿನ್ ಹೊದಿಸುವುದು, ಟೈರ್ ತಟ್ಟಿ ನೋಡುವುದು, ಬ್ರೇಕಿನ ಗಾಳಿ ತುಂಬದೆ ಗಾಡಿ ಕದಲಿಸದಿರುವುದು, ಇವೆಲ್ಲ ಅಲ್ಲೇ ಕಲಿಯುವ ಪಾಠಗಳು. ಹಾಸನ ದಾಟಿ ಶಿರಾಡಿ ಘಾಟಿ ಇಳಿಯುವಾಗ ಬರೀ ಬ್ರೇಕನ್ನು ನಂಬಿದರೆ ಅದು ಕಾದು ಹಿಡಿತ ಬಿಡುತ್ತದೆ. ಕೆಳ ಗೇರ್‌ನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯಬೇಕು. ಟ್ರೈಲರನ್ನು ರಿವರ್ಸ್ ತೆಗೆಯುವಾಗ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಹಿಂಬದಿ ಬಲಕ್ಕೆ ಹೋಗುತ್ತದೆ. ಚಿತ್ರದುರ್ಗದ ಗುಡ್ಡಗಳಿಗೆ ಗಾಳಿಯಂತ್ರದ ಉದ್ದನೆಯ ರೆಕ್ಕೆ ಸಾಗಿಸುವಂಥ ಕೆಲಸ ಈ ಪಾಠಗಳು ರಕ್ತಗತವಾದವರಿಗೆ ಮಾತ್ರ.

ತೂಕ ಮತ್ತು ನಿದ್ದೆ

ಲಾರಿಯವರ ಬಾಳು ಕೆಡಿಸುವುದು ಈ ಎರಡೇ. ಹೆಚ್ಚುವರಿ ಭಾರ ಹೊತ್ತರೆ ದಂಡ 20 ಸಾವಿರ, ಅದರ ಮೇಲೆ ಪ್ರತಿ ಟನ್ನಿಗೆ 2 ಸಾವಿರ. ಅದಕ್ಕಿಂತ ದೊಡ್ಡ ದಂಡವೆಂದರೆ ಬ್ರೇಕ್ ನಿಲ್ಲದೆ ಹೋಗುವುದು. "ಬೇರೆಯವರೆಲ್ಲ ಹೊರುತ್ತಾರೆ, ನಿನಗೇನು?" ಎನ್ನುವ ಮಾಲೀಕನಿಗೆ ಇಲ್ಲವೆನ್ನುವ ಧೈರ್ಯ ಮಗನಿಗೆ ಎಲ್ಲಿಂದ ಬರಬೇಕು? ಒಂದು ತಿಂಗಳು ಸಂಬಳ ತಪ್ಪಿದರೂ ಮನೆ ನಡೆಯುತ್ತದೆ ಎಂಬ ನಿಮ್ಮ ಭರವಸೆಯಿಂದ. ಹಾಗೆಯೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ದುಡಿಮೆ ಎಂದು 1961ರಲ್ಲೇ ಹೇಳಿತ್ತು. ಹೆಚ್ಚು ಬಾಡಿಗೆಯ ಆಸೆಗೆ ರಾತ್ರಿಯಿಡೀ ಓಡಿಸುವ ಮಗ ಗಳಿಸುವುದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು. ಕೆಲಸಕ್ಕೆ ಸೇರಿದ ವರ್ಷದಲ್ಲೇ ಸಾಲ ಮಾಡಿ ಸ್ವಂತ ಲಾರಿ ಕೊಳ್ಳುವುದೂ ಬೇಡ. ಕಂತಿನ ಚಿಂತೆಯೇ ಅವನನ್ನು ಹೆಚ್ಚು ತೂಕಕ್ಕೂ ನಿದ್ದೆಗೇಡಿಗೂ ದೂಡುತ್ತದೆ.

ತಾಯಂದಿರೇ, ಮಡದಿಯರೇ, ಒಂದು ಮಾತು. ಅವನು ಫೋನ್ ಎತ್ತದಿದ್ದರೆ ಮುನಿಸಿಕೊಳ್ಳಬೇಡಿ. ಗಾಡಿ ನಿಲ್ಲಿಸಿ ಅವನೇ ಮಾಡಲಿ. "ಎಲ್ಲಿದ್ದೀಯ, ಯಾವಾಗ ಬರ್ತೀಯ?" ಎಂದು ಕೇಳುವ ಮುನ್ನ "ನಿದ್ದೆ ಮಾಡಿದ್ಯಾ?" ಎಂದು ಕೇಳಿ. ತಡವಾದರೂ ಪರವಾಗಿಲ್ಲ, ಅವನು ಕ್ಷೇಮವಾಗಿ ಮನೆ ಸೇರಲಿ.