ಒಂದೇ ಗ್ರಂಥಾಲಯ, ಎರಡು ಪುಸ್ತಕ: ಎ.ಕೆ. ರಾಮಾನುಜನ್ ಅವರನ್ನು ಗಡಿಯಿಂದ ಓದುವುದು

ನನಗೆ ಕೊಟ್ಟಿರುವ ವಿಷಯ ನವ್ಯದ ಲೇಖಕ-ವಿಮರ್ಶಕರೊಬ್ಬರ ಬದುಕು ಮತ್ತು ಕೊಡುಗೆ. ನಾನು ಎ.ಕೆ. ರಾಮಾನುಜನ್ ಅವರನ್ನು ಆರಿಸಿಕೊಂಡೆ. ಅಡಿಗರಿದ್ದಾರೆ, ಕುರ್ತಕೋಟಿಯವರಿದ್ದಾರೆ, ಅನಂತಮೂರ್ತಿಯವರಿದ್ದಾರೆ, ಇವರನ್ನೇ ಯಾಕೆ ಅಂತ ಕೇಳಬಹುದು. ಕಾರಣ ಸರಳ. ನಾನು ಮಾತಾಡ್ತಿರೋದು ಮತ್ತಿಗಿರಿಯಿಂದ. ಹೊಸೂರಿನ ಪಕ್ಕದ ಈ ಊರಲ್ಲಿ ಮನೆ ಮಾತು ಕನ್ನಡ, ಶಾಲೆಯ ಭಾಷೆ ತಮಿಳು, ಸಂತೆಗೆ ಹೋದ್ರೆ ತೆಲುಗು. ಕನ್ನಡ ಮತ್ತು ತಮಿಳು ಎರಡನ್ನೂ ತನ್ನದು ಅಂತ ಹೇಳಿದ, ಆದರೆ ಎರಡೂ ಸುಮ್ಮನೆ ಸಿಕ್ಕ ಆಸ್ತಿಯಲ್ಲ ಅಂತಲೂ ಹೇಳಿದ ಲೇಖಕ ನಮಗೆ ಬೇರೆ ಥರ ಬೇಕಾಗ್ತಾರೆ.

ಜೀವನದ ವಿವರಗಳನ್ನು ಬೇಗ ಹೇಳಿಬಿಡ್ತೀನಿ. ರಾಮಾನುಜನ್ ಹುಟ್ಟಿದ್ದು 1929ರ ಮಾರ್ಚ್ 16ರಂದು, ಮೈಸೂರಿನಲ್ಲಿ. ಇಂಗ್ಲಿಷ್ ಸಾಹಿತ್ಯ ಓದಿ ಕೊಲ್ಲಂ, ಮಧುರೈ, ಬೆಳಗಾವಿ, ಬರೋಡಾಗಳಲ್ಲಿ ಪಾಠ ಮಾಡಿದರು. ಆಮೇಲೆ ಭಾಷಾವಿಜ್ಞಾನದ ಕಡೆ ಹೊರಳಿ, 1963ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದರು. ವಿಷಯ ಕನ್ನಡ ವ್ಯಾಕರಣವೇ. 1962ರಿಂದ ಶಿಕಾಗೋ ವಿಶ್ವವಿದ್ಯಾಲಯದಲ್ಲಿದ್ದರು, 1993ರ ಜುಲೈ 13ರಂದು ಅಲ್ಲೇ ತೀರಿಕೊಂಡರು. 1976ರಲ್ಲಿ ಪದ್ಮಶ್ರೀ, 1983ರಲ್ಲಿ ಮೆಕಾರ್ಥರ್ ಫೆಲೋಶಿಪ್. ಪ್ರಶಸ್ತಿಗಳ ಪಟ್ಟಿ ಇಷ್ಟು ಸಾಕು.

ಅವರ ಮನೆಯ ಬಗ್ಗೆ ಅವರೇ ಕೊಟ್ಟ ಚಿತ್ರ ಹೆಚ್ಚು ಮುಖ್ಯ. ಮಹಡಿಯ ಮೇಲೆ ಅಪ್ಪನ ಕೋಣೆ. ಅವರು ಗಣಿತದ ಪ್ರಾಧ್ಯಾಪಕರು, ಖಗೋಳಶಾಸ್ತ್ರ ಬಲ್ಲವರು, ಜೊತೆಗೆ ಜಾತಕವನ್ನೂ ನೋಡುವವರು. ಅಲ್ಲಿ ಇಂಗ್ಲಿಷು, ಸಂಸ್ಕೃತ. ಕೆಳಗೆ ಅಮ್ಮನ ಅಡುಗೆಮನೆಯಲ್ಲಿ ಅಯ್ಯಂಗಾರ್ ತಮಿಳು. ಬಾಗಿಲು ದಾಟಿ ಬೀದಿಗೆ ಬಂದರೆ ಕನ್ನಡ. ಮನೆಯಲ್ಲಿ ತಮಿಳು ಮಾತಾಡಿ ಕನ್ನಡದಲ್ಲಿ ಬರೆದವರು ನಮಗೆ ಹೊಸಬರಲ್ಲ. ಪು.ತಿ.ನ. ಇದ್ದಾರೆ, ನಮ್ಮ ಗಡಿಯಾಚೆ ಮಾಲೂರು ತಾಲ್ಲೂಕಿನ ಮಾಸ್ತಿಯವರೇ ಇದ್ದಾರೆ. ಆದರೆ ರಾಮಾನುಜನ್ ಎರಡೂ ಭಾಷೆಗಳ ಹಳೆಯ ಕಾವ್ಯವನ್ನು ವಿದ್ವಾಂಸನಾಗಿ ಎದುರುಗೊಂಡು, ಮೂರನೇ ಭಾಷೆಗೆ ದಾಟಿಸಿದವರು. ಇಂಗ್ಲಿಷು ಮತ್ತು ತನ್ನ ಶಾಸ್ತ್ರಗಳು ಹೊರಗಿನ ರೂಪ ಕೊಡ್ತವೆ, ಕನ್ನಡ, ತಮಿಳು, ಜಾನಪದ ಒಳಗಿನದನ್ನು ಕೊಡ್ತವೆ, ಯಾವುದು ಎಲ್ಲಿಂದ ಬಂತು ಅಂತ ತನಗೇ ಬಿಡಿಸಿ ಹೇಳೋಕಾಗಲ್ಲ ಎಂಬರ್ಥದ ಮಾತು ಅವರದು.

ಈಗ ಎರಡು ಪುಸ್ತಕಗಳ ವಿಷಯಕ್ಕೆ ಬರ್ತೀನಿ. ಈ ಪ್ರಬಂಧದ ನಿಜವಾದ ವಿಷಯ ಅದೇ.

ಮೊದಲನೆಯದು ನಡೆದದ್ದು. 1962ರಲ್ಲಿ ರಾಮಾನುಜನ್ ಶಿಕಾಗೋದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ಒಂದು ಪ್ರಾಥಮಿಕ ವ್ಯಾಕರಣ ಹುಡುಕ್ತಿದ್ದರು. ಕೈಗೆ ಸಿಕ್ಕಿದ್ದು ಉ.ವೇ. ಸ್ವಾಮಿನಾಥ ಅಯ್ಯರ್ ಸಂಪಾದಿಸಿ 1937ರಲ್ಲಿ ಪ್ರಕಟಿಸಿದ ‘ಕುರುಂತೊಗೈ’, ಸಂಗಂ ಕಾಲದ ಪುಟ್ಟ ಪ್ರೇಮಗೀತೆಗಳ ಸಂಕಲನ. ತಾಯಿಮಾತು ತಮಿಳಾದವರು ಆ ಪದ್ಯಗಳನ್ನು ಮೊದಲ ಸಲ ಸರಿಯಾಗಿ ಓದಿದ್ದು ಅಮೆರಿಕದ ನೆಲಮಾಳಿಗೆಯಲ್ಲಿ. ಅದರಿಂದ 1967ರಲ್ಲಿ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’, 1985ರಲ್ಲಿ ‘ಪೊಯಮ್ಸ್ ಆಫ್ ಲವ್ ಅಂಡ್ ವಾರ್’ ಬಂದವು. ಪರಂಪರೆ ಹುಟ್ಟಿನಿಂದ ಸಿಗೋದಲ್ಲ, ದುಡಿದು ಪಡೀಬೇಕು ಅನ್ನುವ ಅವರ ನಿಲುವಿನ ಹಿಂದೆ ಈ ಅನುಭವ ಇದೆ.

ಎರಡನೆಯದು ಕತೆ, ಕನ್ನಡದಲ್ಲೇ ಬರೆದದ್ದು: ‘ಅಣ್ಣಯ್ಯನ ಮಾನವಶಾಸ್ತ್ರ’. ಅಣ್ಣಯ್ಯ ಕೂಡ ಶಿಕಾಗೋದಲ್ಲಿದ್ದಾನೆ, ಅವನೂ ಗ್ರಂಥಾಲಯದಲ್ಲಿ ಪುಸ್ತಕ ಹುಡುಕ್ತಾನೆ. ಊರಲ್ಲಿದ್ದಾಗ ಪಶ್ಚಿಮದ ಬಗ್ಗೆ ಓದ್ತಿದ್ದವನು ಅಲ್ಲಿಗೆ ಹೋದಮೇಲೆ ಹಿಂದೂ ಸಂಪ್ರದಾಯದ ಬಗ್ಗೆ ಅಮೆರಿಕನ್ನರು ಬರೆದದ್ದನ್ನು ಆಸೆಯಿಂದ ಓದ್ತಾನೆ. ಒಬ್ಬ ಮಾನವಶಾಸ್ತ್ರಜ್ಞನ ಹೊಸ ಪುಸ್ತಕದಲ್ಲಿ ಅಂತ್ಯಸಂಸ್ಕಾರದ ಫೋಟೋಗಳು. ನೋಡ್ತಾ ನೋಡ್ತಾ ಮನೆ ಗುರುತು ಸಿಗುತ್ತೆ. ಹೆಣ ಅವನ ಅಪ್ಪನದು. ತಲೆ ಬೋಳಿಸಿಕೊಂಡ ವಿಧವೆ ಅವನ ಅಮ್ಮ. ದೂರದಲ್ಲಿರುವ ಮಗನಿಗೆ ಯಾರೂ ತಿಳಿಸಿಲ್ಲ, ಫೋಟೋ ತೆಗೆದುಕೊಟ್ಟವನು ಅವನ ನೆಂಟನೇ.

ಇವೆರಡನ್ನೂ ವಿಮರ್ಶಕರು ಬೇರೆ ಬೇರೆ ಅಧ್ಯಾಯಗಳಲ್ಲಿ ಇಡ್ತಾರೆ. ಒಂದು ಅನುವಾದಕ ರಾಮಾನುಜನ್, ಇನ್ನೊಂದು ಕತೆಗಾರ ರಾಮಾನುಜನ್. ನನಗೆ ಅವು ಒಂದೇ ಅನುಭವದ ಎರಡು ಮುಖ ಅನ್ನಿಸುತ್ತವೆ. ಪರಊರಿನ ಗ್ರಂಥಾಲಯದಲ್ಲಿ ನಮ್ಮದು ನಮಗೆ ಸಿಗುತ್ತೆ. ಒಮ್ಮೆ ಅದು ಪ್ರೇಮಪದ್ಯವಾಗಿರುತ್ತೆ, ಒಮ್ಮೆ ಅಪ್ಪನ ಹೆಣವಾಗಿರುತ್ತೆ. ದೂರದಿಂದ ಓದುವವನಿಗೆ ಯಾವುದು ಸಿಗುತ್ತೆ ಅನ್ನೋದು ಅವನ ಕೈಲಿಲ್ಲ. ನವ್ಯದವರು ಪರಕೀಯತೆ ಅಂತ ತುಂಬಾ ಬರೆದರು, ನಿಜ ಹೇಳಬೇಕಂದ್ರೆ ಕೆಲವು ಕಡೆ ಅದು ಕಾಮೂ, ಸಾರ್ತ್ರರಿಂದ ತಂದ ಸರಕಿನ ಹಾಗೆ ಕಾಣುತ್ತೆ. ಅಣ್ಣಯ್ಯನಲ್ಲಿ ಮಾತ್ರ ಆ ಪರಕೀಯತೆಗೆ ವಿಳಾಸ ಇದೆ, ಸಂಬಂಧ ಇದೆ.

ಅವರ ಕವಿತೆಯಲ್ಲೂ ಈ ಅನುಮಾನದ ದನಿ ಇದೆ. ಮೊದಲ ಕನ್ನಡ ಸಂಕಲನ 1969ರ ‘ಹೊಕ್ಕುಳಲ್ಲಿ ಹೂವಿಲ್ಲ’. ಹೆಸರನ್ನೇ ನೋಡಿ. ಪದ್ಮನಾಭನ ಹೊಕ್ಕುಳಲ್ಲಿ ತಾವರೆ, ಅದರಲ್ಲಿ ಬ್ರಹ್ಮ. ಶ್ರೀವೈಷ್ಣವ ಮನೆಯ ಮಗ ತನ್ನ ಹೊಕ್ಕುಳು ನೋಡಿಕೊಂಡು ಇಲ್ಲಿ ಹೂವಿಲ್ಲ ಅಂತಾನೆ. ಗಲಾಟೆಯಿಲ್ಲದ ನಿರಾಕರಣೆ ಅದು. ಮುಂದೆ 1977ರಲ್ಲಿ ‘ಮತ್ತು ಇತರ ಪದ್ಯಗಳು’, 1978ರಲ್ಲಿ ‘ಮತ್ತೊಬ್ಬನ ಆತ್ಮಚರಿತ್ರೆ’ ಎಂಬ ಕಿರುಕಾದಂಬರಿ, 1990ರಲ್ಲಿ ‘ಕುಂಟೋಬಿಲ್ಲೆ’.

ಅನುವಾದಗಳ ಬಗ್ಗೆ ತಕರಾರು ಇದೆ, ಅದನ್ನು ಬಿಟ್ಟು ಮುಂದೆ ಹೋಗಬಾರದು. 1973ರ ‘ಸ್ಪೀಕಿಂಗ್ ಆಫ್ ಶಿವ’ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮ ಈ ನಾಲ್ವರ ವಚನಗಳನ್ನು ಜಗತ್ತಿಗೆ ಕೊಟ್ಟಿತು. ಅದರಲ್ಲಿ ಅಂಕಿತಗಳೂ ಅನುವಾದವಾಗಿವೆ. ಕೂಡಲಸಂಗಮದೇವ ‘ಕೂಡುವ ನದಿಗಳ ಒಡೆಯ’ ಆಗ್ತಾನೆ, ಗುಹೇಶ್ವರ ‘ಗುಹೆಗಳ ಒಡೆಯ’ ಆಗ್ತಾನೆ. ತೇಜಸ್ವಿನಿ ನಿರಂಜನ ಅವರು 1992ರ ‘ಸೈಟಿಂಗ್ ಟ್ರಾನ್ಸ್‌ಲೇಷನ್’ ಕೃತಿಯಲ್ಲಿ ಈ ಅನುವಾದಗಳನ್ನು ಕಟುವಾಗಿ ಪರಿಶೀಲಿಸಿ, ವಚನವು ಪಶ್ಚಿಮದ ಆಧುನಿಕ ಓದುಗನಿಗೆ ಒಗ್ಗುವ ಭಾವಗೀತೆಯ ಅಚ್ಚಿಗೆ ಇಳಿದಿದೆ ಎಂದು ವಾದಿಸಿದರು. ನನ್ನ ಪ್ರಕಾರ ಅಂಕಿತದ ವಿಷಯದಲ್ಲಿ ತಕರಾರು ಸರಿ. ಕೂಡಲಸಂಗಮ ಅಂದ್ರೆ ಅರ್ಥ ಮಾತ್ರವಲ್ಲ, ಅದು ಒಂದು ಊರು. ಊರಿನ ಹೆಸರು ಅರ್ಥವಾಗಿ ಕರಗಿದರೆ ಏನು ಹೋಗುತ್ತೆ ಅಂತ ಗಡಿಯಲ್ಲಿರೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅದೇ ಪುಸ್ತಕದ ಪ್ರಸ್ತಾವನೆಯಲ್ಲಿ ಸ್ಥಾವರ-ಜಂಗಮದ ಬಗ್ಗೆ ಅವರು ಮಾಡಿದ ವಿವೇಚನೆ ಕನ್ನಡದ ವಚನ ವಿಮರ್ಶೆಗೇ ಲಾಭ. ಹಾಗಾಗಿ ಆ ಪುಸ್ತಕವನ್ನು ಪೂರ್ತಿ ತಳ್ಳಿಹಾಕೋರ ಜೊತೆ ನಾನಿಲ್ಲ.

ಇನ್ನು ‘ಮುನ್ನೂರು ರಾಮಾಯಣಗಳು’ ಪ್ರಬಂಧ. 1991ರಲ್ಲಿ ಪ್ರಕಟವಾದ ಇದನ್ನು 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಪಠ್ಯದಿಂದ ತೆಗೆದು ಹಾಕಿತು, ದೇಶದ ತುಂಬಾ ಚರ್ಚೆಯಾಯಿತು. ಆ ಗದ್ದಲದಲ್ಲಿ ಪ್ರಬಂಧದೊಳಗಿನ ಒಂದು ಕನ್ನಡ ಸ್ವಾರಸ್ಯ ಮರೆಯಾಯಿತು. ವಾಲ್ಮೀಕಿ, ಕಂಬರ ಜೊತೆಗೆ ಅವರು ಕನ್ನಡದ ಒಂದು ಜನಪದ ರಾಮಾಯಣವನ್ನು ಇಡ್ತಾರೆ. ಅದರಲ್ಲಿ ರಾವುಳ ಮಾವಿನ ಹಣ್ಣು ತಿಂದು ತಾನೇ ಬಸುರಾಗ್ತಾನೆ, ಸೀನಿದಾಗ ಮಗಳು ಹುಟ್ಟುತ್ತಾಳೆ. ‘ಸೀತ’ದ್ದರಿಂದ ಸೀತೆ! ಈ ಶ್ಲೇಷೆ ಕನ್ನಡದಲ್ಲಿ ಮಾತ್ರ ಹುಟ್ಟೋಕೆ ಸಾಧ್ಯ. ಕಂಬನನ್ನು ಶಾಲೆಯಲ್ಲಿ ಓದಿ, ಮನೆಯಲ್ಲಿ ಕನ್ನಡ ಆಡುವ ನಮ್ಮ ಕಡೆಯ ಹುಡುಗರಿಗೆ ಈ ಪ್ರಬಂಧದ ಎರಡೂ ತುದಿ ಕೈಗೆಟುಕುತ್ತವೆ.

ಜಾನಪದದ ಕಡೆಯಿಂದಲೇ ಅವರ ಪ್ರಭಾವ ಹೆಚ್ಚು ದೂರ ಹೋಯಿತು. ಕಾರ್ನಾಡರ ‘ನಾಗಮಂಡಲ’ಕ್ಕೆ ಅವರು ಹೇಳಿದ ಕತೆಗಳು ಮೂಲ. ಹೂವಿನ ಗಿಡವಾಗುವ ಹುಡುಗಿಯ ಕನ್ನಡ ಕತೆ ಕಾರ್ನಾಡರ ‘ಚೆಲುವಿ’ ಚಿತ್ರವಾಯಿತು, 2006ರಲ್ಲಿ ವಿಯೆನ್ನಾದಲ್ಲಿ ಜಾನ್ ಆಡಮ್ಸ್ ಅವರ ಒಪೆರಾ ಆಯಿತು. ಅಡುಗೆಮನೆಯಲ್ಲಿ ಅಜ್ಜಿಯರು ಹೇಳ್ತಿದ್ದ ಕತೆ ಅದು.

ಚರ್ಚೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸ್ತೀನಿ. ಹೆಚ್ಚು ಕೆಲಸ ಇಂಗ್ಲಿಷಿನಲ್ಲೇ ಮಾಡಿದವರನ್ನು ಕನ್ನಡದ ವಿಮರ್ಶಕ ಅನ್ನಬಹುದಾ? ಅನ್ನಬಹುದು ಅಂತ ನನ್ನ ಉತ್ತರ. ‘ಸಂಸ್ಕಾರ’ದ ಇಂಗ್ಲಿಷ್ ಅನುವಾದಕ್ಕೆ 1976ರಲ್ಲಿ ಅವರು ಬರೆದ ಹಿನ್ನುಡಿಯನ್ನು ನಮ್ಮ ತರಗತಿಗಳಲ್ಲಿ ಇವತ್ತೂ ಕಾದಂಬರಿಯ ಜೊತೆಗೇ ಓದಿಸ್ತಾರೆ. ಅದು ಯಾವ ಭಾಷೆಯಲ್ಲಿದೆ ಅನ್ನೋದಕ್ಕಿಂತ ಯಾವ ಪುಸ್ತಕವನ್ನು ಓದೋಕೆ ಕಲಿಸ್ತು ಅನ್ನೋದು ನನಗೆ ಮುಖ್ಯ. ಪ್ರಶ್ನೆ ಕೇಳಿದವರು ಒಪ್ಪಲಿಲ್ಲ. ಕನ್ನಡದಲ್ಲಿ ಬರೆದಿದ್ದರೆ ಇನ್ನೂ ನಾಲ್ಕು ಜನ ಕನ್ನಡ ವಿಮರ್ಶಕರು ಹುಟ್ಟುತ್ತಿದ್ದರು ಅಂದರು. ಅದಕ್ಕೆ ನನ್ನ ಹತ್ತಿರ ಎದುರು ಮಾತಿಲ್ಲ.